ರೈಲುಗಳ ಸಂಖ್ಯೆ ಇಳಿಸದೆ ಮೆಟ್ರೋದ ಕರೆಂಟ್ ಬಿಲ್ ಇಳಿಸಬಹುದಾ?

ಇಳಿಸಬಹುದು. ಬಿಲ್‌ನಲ್ಲಿ ಯೂನಿಟ್ ಲೆಕ್ಕ ಒಂದೇ ಇರುವುದಿಲ್ಲ. ದೊಡ್ಡ ಗ್ರಾಹಕರಿಗೆ ಸಾಮಾನ್ಯವಾಗಿ ಡಿಮ್ಯಾಂಡ್ ಚಾರ್ಜ್ ಕೂಡ ಬೀಳುತ್ತದೆ. ತಿಂಗಳಲ್ಲಿ ಯಾವುದೋ 15 ಅಥವಾ 30 ನಿಮಿಷದಲ್ಲಿ ಎಳೆದ ಅತಿ ಜಾಸ್ತಿ ಲೋಡ್ ಮೇಲೆ ಈ ಶುಲ್ಕ.

ತಮಾಷೆ ಇರುವುದು ಇಲ್ಲಿ. ರೈಲು ಓಡುತ್ತಾ ಒಂದು ಸಬ್‌ಸ್ಟೇಷನ್‌ನಿಂದ ಇನ್ನೊಂದಕ್ಕೆ ಲೋಡ್ ಹೊತ್ತೊಯ್ಯುತ್ತದೆ. ಪ್ರತಿ ಸಬ್‌ಸ್ಟೇಷನ್‌ನ ಮೀಟರ್‌ಗೂ ಬೇರೆ ಬಿಲ್ ಆದರೆ ಅದೇ ರೈಲಿನ ಲೋಡ್ ಎರಡೆರಡು ಕಡೆ ಲೆಕ್ಕಕ್ಕೆ ಬರಬಹುದು! ಹಾಗಾಗಿ ಎಲ್ಲ ಮೀಟರ್ ಕೂಡಿಸಿ ಒಂದೇ ಬಿಲ್ ಕೊಡಿ ಎಂದು ವಿದ್ಯುತ್ ಕಂಪನಿ ಜೊತೆ ಚೌಕಾಸಿ ಮಾಡುವುದೇ ನನ್ನ ಪ್ರಕಾರ ಮೊದಲ ಕೆಲಸ.

ಇನ್ನೊಂದು, ಬ್ರೇಕ್ ಹಾಕಿದಾಗ ಮೋಟಾರೇ ಕರೆಂಟ್ ಹುಟ್ಟಿಸುತ್ತದೆ. ಹತ್ತಿರದಲ್ಲಿ ಬೇರೆ ರೈಲು ಹೊರಡುತ್ತಿದ್ದರೆ ಅದಕ್ಕೆ ಸಿಗುತ್ತದೆ. ಇಲ್ಲದಿದ್ದರೆ ಎಷ್ಟೋ ಕಡೆ ಸುಮ್ನೆ ಬಿಸಿಯಾಗಿ ಹೋಗುತ್ತದೆ. ವೇಳಾಪಟ್ಟಿಯನ್ನು ಕೆಲವೇ ಸೆಕೆಂಡ್ ಹೊಂದಿಸಿದರೂ ಉಳಿತಾಯ.