ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಸೆಡಾನ್: ಮೊದಲು ಹಿಂದಿನ ಸೀಟಲ್ಲಿ ಕೂತು ನೋಡಿ

ನಮಸ್ಕಾರ ಸರ್. ನೀವು ಬರೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ, ಉಳಿದವರಿಗೂ ಅನುಕೂಲ. ಮನೆ ಹಾಸನದಲ್ಲಿ. ಗಂಡ ಹೆಂಡತಿ, ಆರು ಮತ್ತು ಎರಡು ವರ್ಷದ ಮಕ್ಕಳು, ಮಂಡಿನೋವಿರುವ ತಾಯಿ. ತಿಂಗಳಿಗೆ ಒಂದೆರಡು ಸಲ ಬೆಂಗಳೂರು, ಆಗಾಗ ಶಿರಾಡಿ ಇಳಿದು ಮಂಗಳೂರು. ಬಜೆಟ್ 20 ಲಕ್ಷ. ನೋಡಿಟ್ಟಿರುವುದು ಮೂರು ಕಾರು: 2018ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230, ದೆಹಲಿ ನೋಂದಣಿಯ 2017ರ ಬಿಎಂಡಬ್ಲ್ಯು 330ಐ ಜಿಟಿ, ಮತ್ತು 2022ರ ಸ್ಕೋಡಾ ಸ್ಲಾವಿಯಾ 1.5 ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್). ಎಸ್‌ಯುವಿ ಬೇಡ, ಓಡಿಸುವಾಗ ಖುಷಿ ಇರಬೇಕು, ಮನೆಯವರು ಬೈಯಬಾರದು. ಮೂರರಲ್ಲಿ ಯಾವುದು ಎಂಬುದು ನಿಮ್ಮ ಪ್ರಶ್ನೆ.

ಈ ಚರ್ಚೆಯಲ್ಲಿ ಎಲ್ಲರೂ ಹಾರ್ಸ್‌ಪವರ್ ಲೆಕ್ಕವನ್ನೇ ಹಾಕುತ್ತಿದ್ದಾರೆ. ಮೂರರಲ್ಲಿ ಅತಿ ಕಡಿಮೆ ಇರುವ ಸ್ಲಾವಿಯಾದಲ್ಲೇ 150 ಪಿಎಸ್ ಶಕ್ತಿ, 250 ಎನ್‌ಎಂ ಟಾರ್ಕ್ (ಎಳೆಯುವ ಬಲ) ಇದೆ. ಸಕಲೇಶಪುರ ದಾಟಿದ ಮೇಲೆ ಟ್ಯಾಂಕರ್ ಹಿಂದೆ ಸಿಕ್ಕಿಹಾಕಿಕೊಂಡಾಗ 40ರಿಂದ 80ಕ್ಕೆ ಥಟ್ಟನೆ ಹೋಗಬೇಕು, ಅಷ್ಟೇ ತಾನೆ? ಅದಕ್ಕೆ ಇದು ಧಾರಾಳ. ವಿಆರ್‌ಎಸ್‌ನ 230 ಪಿಎಸ್, ಜಿಟಿಯ 252 ಪಿಎಸ್ ಎಲ್ಲ ಅದರ ಮೇಲಿನ ಸಂತೋಷ. ಅದನ್ನು ಪೂರ್ತಿ ಬಳಸಲು ನಮ್ಮಲ್ಲಿ ರಸ್ತೆಯೂ ಇಲ್ಲ. 130 ದಾಟಿದರೆ ಎಫ್‌ಐಆರ್ ಹಾಕುತ್ತೇವೆ ಎಂದು ನಮ್ಮ ಪೊಲೀಸರು 2024ರಲ್ಲೇ ಹೇಳಿದ್ದಾರೆ. ಹಾಗಾಗಿ ಕಾರು ಎಷ್ಟು ಜೋರಾಗಿ ಓಡುತ್ತದೆ ಎಂಬುದನ್ನು ಪಕ್ಕಕ್ಕಿಡಿ. ನಿಧಾನವಾಗಿ ಹೋಗುವಾಗ ಹೇಗಿರುತ್ತದೆ ನೋಡಿ. ಹಂಪ್ ಮೇಲೆ, ಟ್ರಾಫಿಕ್‌ನಲ್ಲಿ, ಮನೆ ಮುಂದೆ ರಿವರ್ಸ್ ತೆಗೆಯುವಾಗ, ತಾಯಿ ಇಳಿಯುವಾಗ. ವರ್ಷವೆಲ್ಲ ನೀವು ಅದರೊಂದಿಗೆ ಕಳೆಯುವುದು ಈ ಹೊತ್ತುಗಳನ್ನೇ.

ತಾಯಿಯವರಿಂದಲೇ ಶುರು ಮಾಡೋಣ. ಕಾರು ನೋಡಲು ಹೋಗುವಾಗ ದಯವಿಟ್ಟು ಅವರನ್ನೂ ಕರೆದುಕೊಂಡು ಹೋಗಿ. ಸ್ಪೋರ್ಟ್ಸ್ ಸೆಡಾನ್‌ನ ಸೀಟು ತಗ್ಗಿನಲ್ಲಿರುತ್ತದೆ, ಸೂರು ಹಿಂದಕ್ಕೆ ಇಳಿಜಾರಾಗಿರುತ್ತದೆ. ಹತ್ತುವಾಗ ತಲೆ ಬಗ್ಗಿಸಬೇಕು, ಇಳಿಯುವಾಗ ಮಂಡಿಗೆ ಭಾರ. ಅವರು ಇಳಿಯುವಾಗ ಕೈ ಎಲ್ಲಿ ಇಡುತ್ತಾರೆ ಗಮನಿಸಿ. ಮುಂದಿನ ಸೀಟಿನ ಬೆನ್ನು ಹಿಡಿದು ಒಂದೇ ಸಲಕ್ಕೆ ಎದ್ದರೆ ಸರಿ. ಎರಡು ಮೂರು ಸಲ ಹಿಂದೆ ಮುಂದೆ ಆಡಿ, ಕೊನೆಗೆ ನಿಮ್ಮ ಕೈ ಹಿಡಿದು ಎದ್ದರೆ ಆ ಕಾರು ನಿಮ್ಮ ಮನೆಗಲ್ಲ. "ಪರವಾಗಿಲ್ಲ ಕಣೋ, ಅಡ್ಜಸ್ಟ್ ಮಾಡ್ಕೋತೀನಿ" ಅಂತ ಅವರು ಹೇಳಿಯೇ ಹೇಳುತ್ತಾರೆ. ಅದನ್ನು ನಂಬಬೇಡಿ!

ಈ ವಿಷಯದಲ್ಲಿ ಗೆಲ್ಲುವುದು ಜಿಟಿ. ಅದು ಮಾಮೂಲಿ 3 ಸೀರೀಸ್ ಅಲ್ಲ. ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 110 ಮಿ.ಮೀ. ಹೆಚ್ಚು ಉದ್ದ, ಸೀಟು ಎತ್ತರದಲ್ಲಿದೆ, ಹಿಂದೆ ಕಾಲು ಚಾಚಲು ಬೇಕಾದಷ್ಟು ಜಾಗ. ಡಿಕ್ಕಿ 520 ಲೀಟರ್, ಹಿಂದಿನ ಗಾಜು ಸಮೇತ ಮೇಲೇಳುತ್ತದೆ. ನೋಡಲು ಚೆನ್ನಾಗಿಲ್ಲ ಎಂದು ತುಂಬಾ ಜನ ಮೂಗು ಮುರಿದರು, ಅದಕ್ಕೇ ಹಳೆಯದು ಸ್ವಲ್ಪ ಸಲೀಸಾಗಿ ಸಿಗುತ್ತದೆ. ನನ್ನ ಪ್ರಕಾರ ಆ ಸಾಲಿನಲ್ಲಿ ಸಂಸಾರಕ್ಕೆ ಹೇಳಿ ಮಾಡಿಸಿದ್ದು ಅದೊಂದೇ. ಒಂದು ಮಾತು ಮಾತ್ರ ನೆನಪಿರಲಿ. ಬಾಗಿಲಿನ ಗಾಜಿಗೆ ಸುತ್ತ ಚೌಕಟ್ಟಿಲ್ಲ. ಬಾಗಿಲ ಮೇಲಂಚು ಹಿಡಿದು ಏಳುವ ಅಭ್ಯಾಸ ತಾಯಿಗಿದ್ದರೆ ಕೈಗೆ ಸಿಗುವುದು ಬರಿ ಗಾಜು.

ಮಕ್ಕಳ ಸೀಟು ಇದ್ದರೆ ಅದನ್ನೂ ಹೊತ್ತುಕೊಂಡು ಹೋಗಿ. ಎರಡು ವರ್ಷದ ಮಗುವಿನ ಸೀಟು ಹಿಂದಕ್ಕೆ ಮುಖ ಮಾಡಿ ಕೂರಿಸುವಂಥದ್ದಾದರೆ ಅದು ಮುಂದಿನ ಸೀಟಿಗೆ ತಾಗುತ್ತದೆ. ನಿಮ್ಮ ಮನೆಯವರ ಮಂಡಿ ಡ್ಯಾಶ್‌ಬೋರ್ಡ್‌ಗೆ ಹತ್ತುವಂತಿದ್ದರೆ ಶಿರಾಡಿ ಮುಗಿಯುವ ಹೊತ್ತಿಗೆ ಕಾರಿನ ಜೊತೆ ನಿಮಗೂ ಬೈಗುಳ ಗ್ಯಾರಂಟಿ. ಮಕ್ಕಳ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಕ್ಕೆ ಮೂರರಲ್ಲೂ ಇದೆ. ಆದರೆ ಹಿಂದೆ ಎರಡು ಮಕ್ಕಳ ಸೀಟು ಹಾಕಿ, ಮಧ್ಯೆ ತಾಯಿ ಕೂರುತ್ತಾರೆ ಎಂದುಕೊಂಡಿದ್ದರೆ ಮೂರೂ ಕಾರು ಕಷ್ಟ. ಜಿಟಿಯಲ್ಲಿ ಹಿಂದಿನ ಚಕ್ರಕ್ಕೆ ಶಾಫ್ಟ್ ಹೋಗುತ್ತದೆ, ಹಾಗಾಗಿ ನಡುವೆ ದೊಡ್ಡ ದಿಬ್ಬ. ಆಕ್ಟೇವಿಯಾದಲ್ಲಿ ಮುಂದಿನ ಚಕ್ರವೇ ಎಳೆದರೂ ನೆಲದ ದಿಬ್ಬ ಹಾಗೇ ಇದೆ. ಸ್ಲಾವಿಯಾದ ಅಗಲ 1,752 ಮಿ.ಮೀ., ಆಕ್ಟೇವಿಯಾದ್ದು 1,814. ಆ ವ್ಯತ್ಯಾಸ ಹಿಂದಿನ ಸೀಟಿನ ಭುಜಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ತಾಯಿಯನ್ನು ಮುಂದೆ ಕೂರಿಸಿ, ಮನೆಯವರು ಮಕ್ಕಳ ಜೊತೆ ಹಿಂದೆ ಕೂರುವ ಲೆಕ್ಕ ಹಾಕಿ. ಮಂಡಿಗೂ ಅದೇ ಒಳ್ಳೆಯದು.

ಘಾಟಿಯಲ್ಲಿ ಮಕ್ಕಳು ವಾಂತಿ ಮಾಡುತ್ತಾರೆ, ಗಟ್ಟಿ ಸಸ್ಪೆನ್ಷನ್ ಬೇಡ ಎಂದು ಮೇಲೆ ಒಬ್ಬರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ತಿರುವಿನಲ್ಲಿ ಓಲಾಡುವ ಮೆತ್ತನೆ ಕಾರಲ್ಲೇ ಹೊಟ್ಟೆ ತೊಳಸುವುದು ಜಾಸ್ತಿ. ಗಟ್ಟಿ ಕಾರಿನ ತೊಂದರೆ ಬೇರೆ. ಅದು ತಗ್ಗು, ಟೈರು ತೆಳು. ಸ್ಲಾವಿಯಾಕ್ಕೆ ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ತಳಕ್ಕೂ ಇರುವ ಅಂತರ) 179 ಮಿ.ಮೀ. ಇದೆ, ನಮ್ಮ ರಸ್ತೆಗೆ ಅಂತಲೇ ಮಾಡಿದ್ದು. ವಿಆರ್‌ಎಸ್ ಮಾಮೂಲಿ ಆಕ್ಟೇವಿಯಾಗಿಂತಲೂ ತಗ್ಗು. ಒಬ್ಬರೇ ಟೆಸ್ಟ್ ಡ್ರೈವ್ ಮಾಡಿದಾಗ ಏನೂ ತಾಗುವುದಿಲ್ಲ. ಐದು ಜನ ಕೂತು, ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಊರಿನ ತೆಂಗಿನಕಾಯಿ ಹಾಕಿದ ಮೇಲೆ ಹಂಪ್ ಹತ್ತಿಸಿ ನೋಡಿ. ನಿಮ್ಮ ಮನೆ ಹಾದಿಯಲ್ಲಿರುವ ಅತಿ ಕೆಟ್ಟ ಹಂಪ್ ಯಾವುದೋ, ಅದರ ಮೇಲೆಯೇ. ಮಾರುವವರು ಒಪ್ಪದಿದ್ದರೆ ಬೆಂಗಳೂರಿನಲ್ಲೇ ಅಂಥದ್ದೊಂದು ಹುಡುಕಿಕೊಳ್ಳಿ, ಕೊರತೆ ಏನಿಲ್ಲ!

ಈಗ ಗೇರ್‌ಬಾಕ್ಸ್. ದುಡ್ಡು ತಿನ್ನುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸ್ಕೋಡಾದ ಎರಡಕ್ಕೂ ಡಿಎಸ್‌ಜಿ ಎಂಬ ಒಂದೇ ಹೆಸರು, ಒಳಗೆ ಬೇರೆ ಬೇರೆ ಜಾತಿ. ಸ್ಲಾವಿಯಾದಲ್ಲಿರುವುದು ಡಿಕ್ಯೂ200, ಏಳು ಗೇರ್, ಒಣ ಕ್ಲಚ್. ಹಗುರ, ಮೈಲೇಜ್ ಚೆನ್ನಾಗಿದೆ. ಆದರೆ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಇಂಚಿಂಚೇ ಸರಿಯುವಾಗ ಕ್ಲಚ್ ಸದಾ ಉಜ್ಜುತ್ತಿರುತ್ತದೆ, ಬಿಸಿಯಾಗುತ್ತದೆ. ಇದರ ಹಳೆಯ ಪೀಳಿಗೆಯನ್ನು 2013ರಲ್ಲಿ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ದೊಡ್ಡ ಸಂಖ್ಯೆಯಲ್ಲಿ ವಾಪಸ್ ಕರೆದು ಗೇರ್ ಎಣ್ಣೆ ಬದಲಿಸಿತ್ತು. ಆಮೇಲಿನವು ಸುಧಾರಿಸಿವೆ, ಆದರೂ ಗೇರ್ ಬದಲಾವಣೆ ನಿಯಂತ್ರಿಸುವ ಮೆಕಾಟ್ರಾನಿಕ್ ಕೈಕೊಟ್ಟರೆ ಬಿಲ್ಲು ಲಕ್ಷದ ಮಾತು. ವಿಆರ್‌ಎಸ್ 230ಯಲ್ಲಿರುವುದು ಆರು ಗೇರ್‌ನ ಡಿಕ್ಯೂ250. ಅದರ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಬಿಸಿ ತಡೆಯುತ್ತದೆ. ಬದಲಿಗೆ 60,000 ಕಿ.ಮೀ.ಗೊಮ್ಮೆ ಎಣ್ಣೆ, ಫಿಲ್ಟರ್ ಬದಲಿಸಲೇಬೇಕು. ಬದಲಿಸಿದ ಬಿಲ್ಲು ಕೇಳಿ. ಬಾಯಿಮಾತು ಲೆಕ್ಕಕ್ಕಿಲ್ಲ. ಜಿಟಿಯಲ್ಲಿರುವುದು ಝಡ್‌ಎಫ್‌ನ ಎಂಟು ಗೇರ್, ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್. ಮೂರರಲ್ಲಿ ಅತಿ ನಯವಾದದ್ದೂ ಗಟ್ಟಿಯಾದದ್ದೂ ಇದೇ. ಬದುಕಿಡೀ ಎಣ್ಣೆ ಬದಲಿಸಬೇಕಿಲ್ಲ ಎಂದು ಷೋರೂಂನವರು ಹೇಳಿದರೆ ತಲೆಯಾಡಿಸಿ ಸುಮ್ನೆ ಬನ್ನಿ. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್‌ನವರೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಎನ್ನುತ್ತಾರೆ.

ಪರೀಕ್ಷೆ ಹೀಗೆ ಮಾಡಿ. ಬೆಳಿಗ್ಗೆ ಹೋಗಿ, ಎಂಜಿನ್ ಮುಟ್ಟಿ ನೋಡಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದರ್ಥ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕೇಳಿಸಿಕೊಳ್ಳಿ. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಓಡಿಸಿ. ಆಮೇಲೆ ಇಳಿಜಾರಿನಲ್ಲಿ ನಿಲ್ಲಿಸಿ, ಏರಿನ ಕಡೆಗೆ ರಿವರ್ಸ್‌ನಲ್ಲಿ ನಿಧಾನಕ್ಕೆ ಹತ್ತಿಸಿ. ಕ್ಲಚ್ ಸವೆದಿದ್ದರೆ ಕಾರು ಗಡಗಡ ನಡುಗುತ್ತದೆ, ಪಕ್ಕದಲ್ಲಿ ಕೂತವರಿಗೂ ಗೊತ್ತಾಗುತ್ತದೆ. ಒಂದರಿಂದ ಎರಡಕ್ಕೆ ಬೀಳುವಾಗ ಹಿಂದಿನಿಂದ ಯಾರೋ ತಳ್ಳಿದ ಹಾಗಾಗಬಾರದು.

ವಿಆರ್‌ಎಸ್‌ನ 2.0 ಟಿಎಸ್‌ಐ (ಟರ್ಬೊ ಪೆಟ್ರೋಲ್) ಎಂಜಿನ್ ಗಟ್ಟಿಮುಟ್ಟು. ಅದರ ಹೆಸರಾಂತ ಕಾಯಿಲೆ ವಾಟರ್ ಪಂಪ್. ಪಂಪಿನ ಹೌಸಿಂಗ್ ಪ್ಲಾಸ್ಟಿಕ್, ವರ್ಷ ಕಳೆದಂತೆ ಸೋರುತ್ತದೆ. ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ಎಂಜಿನ್‌ನ ಪಕ್ಕಕ್ಕೆ, ಕೆಳಕ್ಕೆ ನೋಡಿ. ಗುಲಾಬಿ ಬಣ್ಣದ ಒಣಗಿದ ಪೊರೆ ಅಂಟಿದ್ದರೆ ಅದು ಎಂಜಿನ್ ತಣ್ಣಗಿಡುವ ಕೂಲೆಂಟ್. ಸಿಹಿ ವಾಸನೆಯೂ ಬರುತ್ತದೆ. ಅದೊಂದಕ್ಕೇ ಕಾರು ಬಿಡಬೇಕಿಲ್ಲ, ಆ ದುಡ್ಡನ್ನು ಬೆಲೆಯಲ್ಲಿ ಇಳಿಸಿ. ಜಿಟಿಯಲ್ಲೂ ಕೂಲೆಂಟ್ ಹೋಗುವ ಪ್ಲಾಸ್ಟಿಕ್ ಭಾಗಗಳನ್ನು ಇದೇ ಕಣ್ಣಲ್ಲಿ ನೋಡಿ.

ಇನ್ನೊಂದು, ವಿಆರ್‌ಎಸ್ ಕೊಂಡವರಲ್ಲಿ ತುಂಬಾ ಜನ ಸ್ಟೇಜ್ 1 ರೀಮ್ಯಾಪ್, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಾವಣೆ, ಮಾಡಿಸಿರುತ್ತಾರೆ. ಮಾಡಿಸಿದ್ದಕ್ಕೇ ಬೇಡ ಎನ್ನುವವನು ನಾನಲ್ಲ. ಮುಚ್ಚಿಟ್ಟರೆ ಮಾತ್ರ ಬೇಡ. ಮಾರುವ ಮೊದಲು ಹಳೆಯ ಸಾಫ್ಟ್‌ವೇರ್ ಹಾಕಿಸಿಬಿಡುತ್ತಾರೆ, ಆದರೆ ಗುರುತು ಉಳಿಯುತ್ತದೆ. ಏರ್ ಫಿಲ್ಟರ್ ಡಬ್ಬಿಯ ಸ್ಕ್ರೂ ಮೇಲೆ ಗೀರು, ಬದಲಿಸಿದ ಎಕ್ಸಾಸ್ಟ್ ಪೈಪು, ಮುಂದಿನ ಎರಡು ಟೈರು ಮಾತ್ರ ವಿಪರೀತ ಸವೆದಿರುವುದು. ಕಾರಿನ ಕಂಪ್ಯೂಟರ್ ಓದುವ ವಿಸಿಡಿಎಸ್ ಅಥವಾ ಓಬಿಡಿ ಇಲೆವೆನ್ ಉಪಕರಣ ಗೊತ್ತಿರುವ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ. ಓಡಿದ ಕಿ.ಮೀ. ಲೆಕ್ಕ ಮೀಟರ್ ಒಂದರಲ್ಲೇ ಇರುವುದಿಲ್ಲ, ಕೆಲವು ಬೇರೆ ಮಾಡ್ಯೂಲ್‌ಗಳಲ್ಲೂ ಉಳಿದಿರುತ್ತದೆ. ಎರಡೂ ತಾಳೆಯಾಗಬೇಕು.

ಬೆಂಗಳೂರಿನ ಯಾವುದೇ ಕಾರಿಗೆ ನೀರಿನ ಪರೀಕ್ಷೆ ತಪ್ಪಿಸಬೇಡಿ. 2022ರ ಸೆಪ್ಟೆಂಬರ್ ಮಳೆಗೆ ಯಮಲೂರು, ಬೆಳ್ಳಂದೂರು ಕಡೆ ದುಬಾರಿ ಕಾರುಗಳು ಮುಳುಗಿ ನಿಂತಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗೇ ಇರುವ ಆ ಕೊನೆಯ ಭಾಗವನ್ನು ಯಾರೂ ತೊಳೆಯುವುದಿಲ್ಲ, ಕೆಸರಿನ ಗೆರೆ ಅಲ್ಲೇ ಸಿಗುತ್ತದೆ. ಸೀಟಿನ ಕೆಳಗಿನ ಹಳಿಗೆ ತುಕ್ಕು, ಸ್ಟೆಪ್ನಿ ಗುಂಡಿಯಲ್ಲಿ ಒಣ ಮಣ್ಣು ಇದ್ದರೆ ಮಾತಿಲ್ಲದೆ ವಾಪಸ್ ಬನ್ನಿ.

ಟೈರ್ ಪಕ್ಕದ ನಾಲ್ಕಂಕಿ ಓದಿ. 2319 ಎಂದರೆ 2019ರ 23ನೇ ವಾರದ್ದು. ಒಳಗಡೆ ಮೈ ಮೇಲೂ ಕೈಯಾಡಿಸಿ, ಗುಳ್ಳೆ ಎದ್ದಿದ್ದರೆ ಬೆರಳಿಗೆ ಸಿಗುತ್ತದೆ. ಬಿಎಂಡಬ್ಲ್ಯುಗೆ ಬಹುಮಟ್ಟಿಗೆ ರನ್‌ಫ್ಲ್ಯಾಟ್ ಟೈರ್ ಇರುತ್ತದೆ, ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು. ಬೆಲೆ ಜಾಸ್ತಿ, ಎತ್ತಾಟವೂ ಜಾಸ್ತಿ, ಸ್ಟೆಪ್ನಿಯ ಬದಲು ಆ ಟೈರೇ ಗತಿ. ರಾತ್ರಿ ಶಿರಾಡಿ ಘಾಟಿಯ ಗುಂಡ್ಯದ ಹತ್ತಿರ ಟೈರ್ ಸೀಳಿದರೆ ಪಂಕ್ಚರ್ ಅಂಗಡಿಯವನ ಹತ್ತಿರ ಆ ಸೈಜ್ ಇರುವುದಿಲ್ಲ.

ಪೆಟ್ರೋಲ್ ಬಗ್ಗೆ ಎರಡೇ ಮಾತು. 2.0 ಲೀಟರ್‌ನ ವಿಆರ್‌ಎಸ್, ಜಿಟಿ ಎರಡೂ ಊರೊಳಗೆ ಒಂದಂಕಿ ಮೈಲೇಜ್ ಕೊಡುತ್ತವೆ, ಸ್ಲಾವಿಯಾ ಅದಕ್ಕಿಂತ ಎಷ್ಟೋ ವಾಸಿ. ಬಂಕ್‌ಗಳಲ್ಲಿ ಈಗ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಇ20, ನಿಮ್ಮ ಮೂರೂ ಕಾರು ಅದಕ್ಕೆ ಮುಂಚಿನವು. ಆ ಮಾಡೆಲ್‌ಗೆ ಏನು ಸಲಹೆ ಎಂದು ಸರ್ವಿಸ್‌ನಲ್ಲೇ ಕೇಳಿ.

ದೆಹಲಿ ಜಿಟಿ ಅಗ್ಗ ಕಾಣುತ್ತಿರುವುದಕ್ಕೆ ಕಾರಣ ಇದೆ. ಅದನ್ನು ಇಲ್ಲಿ ಇಟ್ಟುಕೊಳ್ಳಬೇಕೆಂದರೆ ಅಲ್ಲಿಂದ ಎನ್‌ಒಸಿ ತಂದು, ಹನ್ನೆರಡು ತಿಂಗಳೊಳಗೆ ಕೆಎ ನಂಬರ್ ಮಾಡಿಸಬೇಕು, ಆಜೀವ ತೆರಿಗೆ ಕಟ್ಟಬೇಕು. 20 ಲಕ್ಷ ಮೀರಿದ ಹೊಸ ಕಾರಿಗೆ ನಮ್ಮಲ್ಲಿ ಶೇ. 18. ವಯಸ್ಸಾದ ಕಾರಿಗೆ ಪ್ರಮಾಣ ಇಳಿಯುತ್ತದೆ ನಿಜ, ಆದರೆ ಲೆಕ್ಕ ಹಾಕುವುದು ಕಾರಿನ ಮೂಲ ಬೆಲೆಯ ಮೇಲೆ. ನೀವು ಕೊಟ್ಟ ಬೆಲೆಯ ಮೇಲಲ್ಲ. ಅಡ್ವಾನ್ಸ್ ಕೊಡುವ ಮೊದಲೇ ಹಾಸನ ಆರ್‌ಟಿಒದಲ್ಲಿ ಮೊತ್ತ ಕೇಳಿಕೊಳ್ಳಿ. ನನಗನ್ನಿಸುವುದು, ಅದು ಸೇರಿದ ಮೇಲೆ 20 ಲಕ್ಷದ ಗೆರೆ ದಾಟುತ್ತದೆ, ರಿಪೇರಿಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇಂಥ ಕಾರಿಗೆ ಮೊದಲ ವರ್ಷಕ್ಕೆ ಎರಡು ಲಕ್ಷವಾದರೂ ಪಕ್ಕಕ್ಕಿಟ್ಟಿರಬೇಕು.

ಹಾಗಾಗಿ ನನ್ನ ಲೆಕ್ಕ ಇದು. ದೆಹಲಿ ಜಿಟಿ ಬಿಡಿ. ಕೆಎ ನಂಬರಿನ, ಸರ್ವಿಸ್ ದಾಖಲೆ ಪೂರ್ತಿ ಇರುವ ಜಿಟಿ ಸಿಕ್ಕರೆ ಮತ್ತೆ ಬನ್ನಿ, ಮಾತಾಡೋಣ. ತಾಯಿ ಸಲೀಸಾಗಿ ಇಳಿದು, ಹಂಪ್ ತಾಗದೆ, ಗೇರ್‌ಬಾಕ್ಸ್ ಬಿಲ್ಲು ಸಿಕ್ಕರೆ ವಿಆರ್‌ಎಸ್ ಕಣ್ಣುಮುಚ್ಚಿ ತೆಗೆದುಕೊಳ್ಳಿ. 590 ಲೀಟರ್ ಡಿಕ್ಕಿ, ಅದೂ ಗಾಜು ಸಮೇತ ತೆರೆಯುವಂಥದ್ದು, ಆ ಎಂಜಿನ್. ಸಂಸಾರಕ್ಕೂ ಸೈ, ಖುಷಿಗೂ ಸೈ. ಬಂಪರ್, ಹೆಡ್‌ಲೈಟ್ ಥರದ ವಿಆರ್‌ಎಸ್‌ಗೇ ಸೇರಿದ ಸಾಮಾನು ಬರಲು ವಾರಗಟ್ಟಲೆ ಕಾಯಬೇಕಾಗಬಹುದು, ಅದಕ್ಕೆ ಮನಸ್ಸು ಗಟ್ಟಿ ಇರಲಿ. ತಾಯಿ, ಹಂಪ್, ಬಿಲ್ಲು ಈ ಮೂರರಲ್ಲಿ ಒಂದಕ್ಕೆ ಕೊಕ್ಕೆ ಬಿದ್ದರೂ ಸ್ಲಾವಿಯಾ. 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಟೆಸ್ಟ್‌ನಲ್ಲಿ ದೊಡ್ಡವರಿಗೂ ಮಕ್ಕಳಿಗೂ 5 ಸ್ಟಾರ್ ಬಂದ ಕಾರು ಅದು. 521 ಲೀಟರ್ ಡಿಕ್ಕಿ ಇದೆ. ಬೆಂಗಳೂರು ಟ್ರಾಫಿಕ್ ಜಾಸ್ತಿ ಇಲ್ಲದ ನಿಮ್ಮಂಥವರಿಗೆ ಡಿಕ್ಯೂ200 ಅಷ್ಟು ಕಾಡುವುದಿಲ್ಲ. ಕ್ಲಚ್ ತುಳಿಯಲು ಬೇಜಾರಿಲ್ಲದಿದ್ದರೆ 1.5ರಲ್ಲೇ ಆರು ಗೇರ್‌ನ ಮ್ಯಾನುವಲ್ ಕೂಡ ಬಂದಿತ್ತು, ಅದನ್ನೊಮ್ಮೆ ಹುಡುಕಿ.

ಕಾಗದದ ಕೆಲಸ ಬೇಗ ಹೇಳಿಬಿಡುತ್ತೇನೆ. ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಎಷ್ಟನೇ ಓನರ್, ಸಾಲ ಬಾಕಿ ಇದೆಯಾ, ಚಲನ್ ಇದೆಯಾ ನೋಡಿ. ಸಾಲ ಇದ್ದದ್ದಾದರೆ ಬ್ಯಾಂಕಿನ ಫಾರಂ 35 ಬೇಕು. ವರ್ಗಾವಣೆಗೆ ಫಾರಂ 29, 30. ಚಾಸಿ ನಂಬರನ್ನು ಆರ್‌ಸಿ ಜೊತೆ ನೀವೇ ತಾಳೆ ನೋಡಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೆಯ ಓನರ್‌ನ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಆ ವ್ಯತ್ಯಾಸ ಕಟ್ಟಬೇಕಾಗುತ್ತದೆ.

ವಿಆರ್‌ಎಸ್‌ನ ಸರ್ವಿಸ್ ಹಿಸ್ಟರಿ ಸಿಕ್ಕರೆ ನಂಬರ್ ಮರೆಮಾಡಿ ಇಲ್ಲೇ ಹಾಕಿ. ಎಣ್ಣೆ ಬದಲಿಸಿದ ಸಾಲು ಇದೆಯೋ ಇಲ್ಲವೋ ನೋಡಿ ಹೇಳುತ್ತೇನೆ.