ಲೇಖನ ಹಿಂದಿರುಗಿಸುತ್ತಿದ್ದೇನೆ, ಮತ್ತೆ ಬರೆಯಿರಿ

ಪ್ರಿಯರೇ,

ನಿರ್ವಹಣಾ ಲೆಕ್ಕಶಾಸ್ತ್ರದ, ಅಂದರೆ ಸಂಸ್ಥೆಯ ಒಳಗಿನ ನಿರ್ಧಾರಗಳಿಗೆ ಬೇಕಾಗುವ ಲೆಕ್ಕದ, ಸಂಶೋಧನೆಯಲ್ಲಿ ಜನರ ಮೇಲಿನ ಪ್ರಯೋಗವನ್ನೂ ಕಂಪ್ಯೂಟರ್ ಸಿಮ್ಯುಲೇಷನ್ನನ್ನೂ (ಕಂಪ್ಯೂಟರಿನೊಳಗೆ ಅಣಕು ಜನರನ್ನು ಇಟ್ಟು ನಡೆಸಿ ನೋಡುವುದನ್ನೂ) ಜೋಡಿಸುವ ಬಗ್ಗೆ ಮಂಡ್ಯದಿಂದ ನೀವು ಕಳುಹಿಸಿದ ಲೇಖನ ಓದಿದೆ. ಈಗಿರುವಂತೆ ಅಚ್ಚಿಗೆ ಹೋಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ. ಕನ್ನಡದಲ್ಲಿ ಇದನ್ನು ಬರೆಯುವವರೇ ವಿರಳ.

ಮೊದಲೆರಡು ಪುಟ ತೆಗೆದುಹಾಕಿ. ಲೇಖನಕ್ಕೆ ಜೀವ ಬರುವುದು ಮೂರನೆಯ ಪುಟದಲ್ಲಿ, ಬಿ.ಕಾಂ. ವಿದ್ಯಾರ್ಥಿಗಳನ್ನು ಸಕ್ಕರೆ ಕಾರ್ಖಾನೆಯ ವಿಭಾಗ ಮುಖ್ಯಸ್ಥರನ್ನಾಗಿಸಿ ನೀವು ಬಜೆಟ್ ಕೇಳಿದಾಗ. ಬಾಯ್ಲರ್ ದುರಸ್ತಿಗೆ 4 ಲಕ್ಷ ಸಾಕು, ಹೆಚ್ಚು ಕೇಳಿ ಪಡೆದರೆ ಉಳಿದದ್ದು ತನಗೇ ಎಂದು ಗೊತ್ತಿದ್ದೂ ಒಬ್ಬ ಹುಡುಗಿ 4 ಲಕ್ಷವನ್ನೇ ಬರೆದಳು. ಪಕ್ಕದ ಹುಡುಗ 5 ಬರೆದ. 6 ಬರೆಯುವ ಅವಕಾಶವಿದ್ದರೂ ಬರೆಯಲಿಲ್ಲ. ಇದು ತುಂಬ ಬೆಲೆಯುಳ್ಳ ಸಂಗತಿ. ಜನ ಪೂರ್ತಿ ಸತ್ಯವನ್ನೂ ಹೇಳುವುದಿಲ್ಲ, ಸಿಕ್ಕಷ್ಟನ್ನೂ ಬಾಚಿಕೊಳ್ಳುವುದೂ ಇಲ್ಲ ಎಂದು ಲೆಕ್ಕಶಾಸ್ತ್ರ ಸಂಶೋಧಕ ಜಾನ್ ಎವಾನ್ಸ್ ಮತ್ತು ಸಂಗಡಿಗರ 2001ರ ಅಧ್ಯಯನವೂ ತೋರಿಸಿತ್ತು.

ಮುಂದಿನ ಪುಟದಲ್ಲಿ ನೀವೇ ಇದನ್ನು ಹಾಳುಮಾಡಿದ್ದೀರಿ. ಕಂಪ್ಯೂಟರಿನೊಳಗೆ ಎಲ್ಲ ಮುಖ್ಯಸ್ಥರೂ ಸರಾಸರಿ ಲೆಕ್ಕದಲ್ಲಿ ಕಾಲು ಪಾಲು ಏರಿಸಿಯೇ ಬರೆಯುತ್ತಾರೆ! ಎಲ್ಲರೂ ಹಾಗೆಯೇ ಮಾಡುವುದಾದರೆ ಮಾಲೀಕ ಎಲ್ಲರ ಬಜೆಟ್ಟಿನಲ್ಲೂ ಐದನೆಯ ಒಂದು ಪಾಲು ಕಡಿಯುತ್ತಾನೆ, ಕಥೆ ಮುಗಿಯಿತು. ಯಾರು ಏರಿಸಿದ್ದಾರೆ ಎಂಬುದು ಅವನಿಗೆ ತಿಳಿಯದಿರುವುದೇ ನಿಜವಾದ ತೊಡಕು. ಎಲ್ಲರಿಗೂ ಒಂದೇ ಕತ್ತರಿ ಬಿದ್ದರೆ 4 ಬರೆದವಳು ಮರುವರ್ಷ ಏನು ಬರೆಯುತ್ತಾಳೆ? ಅವಳನ್ನು ನೋಡಿದ ಹೊಸಬ ಏನು ಕಲಿಯುತ್ತಾನೆ? ವಿದ್ಯಾರ್ಥಿಗಳು ನಿಮ್ಮ ಮುಂದೆ ಕೂರುವುದು ಒಂದೆರಡು ಗಂಟೆ. ಹತ್ತಾರು ಹಂಗಾಮುಗಳನ್ನು ಓಡಿಸಿ ನೋಡಲು ಸಿಮ್ಯುಲೇಷನ್ ಬೇಕಾಗುವುದು ಇಲ್ಲಿಯೇ. ಪ್ರಾಮಾಣಿಕರು ಕ್ರಮೇಣ ಕರಗಿಹೋಗುತ್ತಾರೆ ಎಂದು ಅದು ಹೇಳಿದರೆ, ಆ ಮಾತನ್ನು ಹೊಸ ವಿದ್ಯಾರ್ಥಿಗಳ ಮುಂದಿಟ್ಟು ಪರೀಕ್ಷಿಸಬೇಕು. ಈ ಹೋಗಿಬರುವಿಕೆ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಎರಡು ಅಧ್ಯಾಯಗಳು ಅಕ್ಕಪಕ್ಕ ಕುಳಿತಿವೆ, ಅಷ್ಟೆ.

ಒಳ್ಳೆಯ ಮಾದರಿಯೊಂದನ್ನು ನೋಡಿ. 1993ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಧನಂಜಯ್ ಗೋಡೆ ಮತ್ತು ಲೆಕ್ಕಶಾಸ್ತ್ರದ ಪ್ರಾಧ್ಯಾಪಕ ಶ್ಯಾಮ್ ಸುಂದರ್ ಒಂದೇ ಬಗೆಯ ಹರಾಜು ಮಾರುಕಟ್ಟೆಗೆ ಮನುಷ್ಯರನ್ನೂ, ಬಾಯಿಗೆ ಬಂದ ಬೆಲೆ ಕೂಗುವ ಪ್ರೋಗ್ರಾಂಗಳನ್ನೂ ಇಳಿಸಿದರು. ನಷ್ಟಕ್ಕೆ ವ್ಯಾಪಾರ ಕೂಡದು ಎಂಬ ಒಂದು ಕಟ್ಟುಪಾಡು ಹಾಕಿದೊಡನೆ ಪ್ರೋಗ್ರಾಂಗಳ ಮಾರುಕಟ್ಟೆಯೂ ಹೆಚ್ಚುಕಡಿಮೆ ಮನುಷ್ಯರದಷ್ಟೇ ದಕ್ಷವಾಗಿ ನಡೆಯಿತು. ದಕ್ಷತೆಯಲ್ಲಿ ನಿಯಮದ ಪಾಲೆಷ್ಟು, ಜಾಣತನದ ಪಾಲೆಷ್ಟು ಎಂಬುದು ಮನುಷ್ಯರನ್ನಷ್ಟೇ ನೋಡಿದ್ದರೆ ತಿಳಿಯುತ್ತಿರಲಿಲ್ಲ. ನಿಮ್ಮ ಬಜೆಟ್ಟಿನ ಆಟಕ್ಕೂ ಇದೇ ಪ್ರಶ್ನೆ ಹಾಕಿ.

ಮಂಡ್ಯದ ಸಕ್ಕರೆ ಕಾರ್ಖಾನೆ ಮೈಷುಗರ್ 1933ರಲ್ಲಿ ಸ್ಥಾಪನೆಯಾಯಿತು ಎಂಬ ನಿಮ್ಮ ವಾಕ್ಯದಿಂದ ಏನೂ ಸಾಗದು. ಹಂಗಾಮು ಮುಗಿದ ಮೇಲೆ ಕಾರ್ಖಾನೆಗಳಲ್ಲಿ ದುರಸ್ತಿ ಪಟ್ಟಿ ಹೇಗೆ ತಯಾರಾಗುತ್ತದೆ ಎಂದು ಬಲ್ಲ ನಿವೃತ್ತರು ನಿಮ್ಮೂರಿನಲ್ಲೇ ಸಿಗುತ್ತಾರೆ, ಮಾತನಾಡಿಸಿ. ‘ಮಾಡಲಾಯಿತು, ಕಂಡುಕೊಳ್ಳಲಾಯಿತು’ ಬಿಟ್ಟು ‘ಮಾಡಿದೆ, ಕಂಡೆ’ ಎಂದು ಬರೆಯಿರಿ. ಕಂಪ್ಯೂಟರಿನೊಳಗಿನ ಮುಖ್ಯಸ್ಥ ಏನನ್ನು ನೋಡಿ ಏನನ್ನು ನಿರ್ಧರಿಸುತ್ತಾನೆ ಎಂಬುದನ್ನು ಒಂದು ಪ್ಯಾರಾದಲ್ಲಿ ಬಿಡಿಸಿ ಹೇಳಿ. ಅದನ್ನೋದಿ ನಾನು ಕಾಗದದ ಮೇಲೆ ಒಂದು ಹಂಗಾಮಿನ ಲೆಕ್ಕ ಹಾಕುವಂತಿರಬೇಕು. 1,200 ಪದ ಮೀರದಂತೆ, ಯುಗಾದಿಯೊಳಗೆ ಕಳುಹಿಸಿ.

ಸಂಪಾದಕ, ಮೈಸೂರು