ಅರ್ಥ ಗೊತ್ತಿದ್ದರೂ ಪದ ಬಳಕೆಗೆ ಬಾರದೇಕೆ?

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿ ಈಗ ಕಲಬುರಗಿಯಲ್ಲಿ ಬಿ.ಎ. ಮಾಡುತ್ತಿದ್ದೇನೆ. ದಿನಕ್ಕೆ 20 ಇಂಗ್ಲಿಷ್ ಪದಗಳನ್ನು ಕನ್ನಡ ಅರ್ಥದೊಂದಿಗೆ ಬಾಯಿಪಾಠ ಮಾಡಿದರೂ ಬರೆಯುವಾಗ ತಪ್ಪಾಗುತ್ತದೆ. ಏನು ಮಾಡಲಿ?
– ವಿದ್ಯಾರ್ಥಿನಿ, ಆಳಂದ

ಉತ್ತರ: ನಿಮ್ಮ ಶ್ರಮದಲ್ಲಿ ಕೊರತೆಯಿಲ್ಲ, ಪದಕ್ಕೆ ಪದ ಕೂಡಿಸುವ ಕ್ರಮದಲ್ಲಿದೆ. ನಮ್ಮ ಭಾಗದಲ್ಲಿ ‘ಕಡ ಕೊಡು’, ‘ಕಡ ತಗೋ’ ಎಂದು ಎರಡಕ್ಕೂ ‘ಕಡ’ ಒಂದೇ ಸಾಕಾಗುತ್ತದೆ. ಇಂಗ್ಲಿಷಿನಲ್ಲಿ ಕೊಡುವವರದು ‘ಲೆಂಡ್’, ಪಡೆಯುವವರದು ‘ಬಾರೋ’. ಎರಡರ ಮುಂದೆಯೂ ‘ಕಡ’ ಎಂದಷ್ಟೇ ಬರೆದುಕೊಂಡವರು ಗೆಳತಿಯ ಬಳಿ ಪೆನ್ನು ಕೇಳುವಾಗ ‘ಬಾರೋ ಮಿ ಯುವರ್ ಪೆನ್’ ಎಂದುಬಿಡುತ್ತಾರೆ. ಹಾಗೆಯೇ, ನಾವು ಒಂದು ವಿಷಯದ ‘ಬಗ್ಗೆ’ ಚರ್ಚಿಸುತ್ತೇವೆಂದು ‘ಡಿಸ್ಕಸ್ ಅಬೌಟ್’ ಎಂದು ಬರೆಯುತ್ತೇವೆ. ಆ ಕ್ರಿಯಾಪದಕ್ಕೆ ‘ಅಬೌಟ್’ ಬೇಕಿಲ್ಲ.

ಆದ್ದರಿಂದ ಕಲಿಯುವವರಿಗೆಂದೇ ರಚಿಸಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟನ್ನು ಇಟ್ಟುಕೊಳ್ಳಿ. ಅದರ ಇಂಗ್ಲಿಷ್ ಕಠಿಣವಿರಬಹುದೆಂದು ಅಂಜಬೇಡಿ: 1978ರಲ್ಲಿ ಮೊದಲು ಬಂದ ಲಾಂಗ್‌ಮನ್ ನಿಘಂಟಿನಲ್ಲಿ ಸುಮಾರು 2000 ಸರಳ ಪದಗಳಿಂದಲೇ ಅರ್ಥ ವಿವರಿಸುವ ಕ್ರಮವಿದೆ. ವಿವರಣೆಗಿಂತಲೂ ಅದರ ಕೆಳಗಿನ ಉದಾಹರಣೆ ವಾಕ್ಯ ಮುಖ್ಯವೆಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಪದವು ಯಾವ ಪದದ ಜೊತೆಗೆ ಕೂಡುತ್ತದೆಂಬುದು ಅಲ್ಲಿಯೇ ಕಾಣುತ್ತದೆ. ದಿನಕ್ಕೆ 5 ಪದಗಳು ಸಾಕು. ಪ್ರತಿಯೊಂದಕ್ಕೂ ನಿಮ್ಮ ಮನೆ, ಹೊಲ, ಬಸ್ಸಿನ ಪ್ರಯಾಣ ಕುರಿತು ಸ್ವಂತ ವಾಕ್ಯ ಬರೆಯಿರಿ. ‘ಹಾರ್ವೆಸ್ಟ್’ ಕಲಿತ ದಿನ ತೊಗರಿ ರಾಶಿಯ ಬಗ್ಗೆ ಎರಡು ವಾಕ್ಯ ಬರೆದು, ವಾರದ ನಂತರ ಪುಸ್ತಕ ಮುಚ್ಚಿ ಮತ್ತೆ ಬರೆದು ನೋಡಿ.